ಗಡಿಯಾರ ರಿಪೇರಿಯ ಯಜಮಾನರು ತೀರಿಕೊಂಡರು: ಅವರ ಬಗ್ಗೆ ನಿಮಗೇನು ಗೊತ್ತು?

ಗಡಿಯಾರದವರ ಮಗಳು:
ಎಲ್ಲರಿಗೂ ನಮಸ್ಕಾರ. ಬೀದಿ ತಿರುವಿನಲ್ಲಿ ಕೂತು ಗಡಿಯಾರ ರಿಪೇರಿ ಮಾಡುತ್ತಿದ್ದವರು ನನ್ನ ತಂದೆ. ಹೋದ ತಿಂಗಳು ತೀರಿಕೊಂಡರು. ನಿಮ್ಮಲ್ಲಿ ಹಲವರು ಮನೆಗೆ ಬಂದು ಹೋದಿರಿ, ಫೋನ್ ಮಾಡಿದಿರಿ. ಎಲ್ಲರಿಗೂ ಋಣಿ.

ಈಗ ಎರಡು ವಿಷಯ. ಬರುವ ಭಾನುವಾರ ಅಕ್ಕಪಕ್ಕದವರೆಲ್ಲ ಸೇರಿ ಒಂದು ಸಣ್ಣ ನೆನಪಿನ ಸಭೆ ಇಟ್ಟುಕೊಂಡಿದ್ದಾರೆ. ನಾನೂ ಎರಡು ಮಾತು ಆಡಬೇಕಂತೆ. ಬರೆಯಲು ಕೂತರೆ ಕೈ ಓಡುತ್ತಿಲ್ಲ. ಮನೆಯಲ್ಲಿ ಅಪ್ಪ ಮಾತನಾಡಿದ್ದೇ ಕಡಿಮೆ. ಬೆಳಿಗ್ಗೆ ಹೋಗುವುದು, ರಾತ್ರಿ ಬರುವುದು, ಊಟ, ರೇಡಿಯೊ, ನಿದ್ದೆ. ಆ ಮೇಜಿನ ಮುಂದೆ ಅವರು ಹೇಗಿದ್ದರೆಂಬುದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ದಯವಿಟ್ಟು ಬರೆಯಿರಿ. ಹೊಗಳಿಕೆಯೇ ಆಗಬೇಕೆಂದಿಲ್ಲ.

ಎರಡನೆಯದು ತಲೆನೋವಿನ ವಿಷಯ. ಜನ ರಿಪೇರಿಗೆ ಕೊಟ್ಟು ಒಯ್ಯದೆ ಬಿಟ್ಟ ವಾಚುಗಳು ಮೇಜಿನ ಖಾನೆಗಳಲ್ಲಿ ರಾಶಿ ಬಿದ್ದಿವೆ. ಕೆಲವಕ್ಕೆ ಚೀಟಿ ಇದೆ, ಶಾಯಿ ಅಳಿಸಿಹೋಗಿದೆ. ಹಲವಕ್ಕೆ ಚೀಟಿಯೂ ಇಲ್ಲ. ಲೆಕ್ಕದ ಪುಸ್ತಕಗಳಿವೆ, ತೆರೆದರೆ ಬರೀ ಅಂಕಿಗಳು. ಇವನ್ನು ಯಾರಿಗೆ, ಹೇಗೆ ತಲುಪಿಸುವುದು?

ಎರಡನೇ ಮಹಡಿ:
ಸುದ್ದಿ ಕೇಳಿ ಬೇಸರವಾಯಿತು. ಒಂದು ಪ್ರಸಂಗ ಹೇಳುತ್ತೇನೆ. ಪರೀಕ್ಷೆಯ ಹಿಂದಿನ ಸಂಜೆ ನನ್ನ ವಾಚು ನಿಂತುಹೋಯಿತು. ಓಡಿ ಹೋಗಿ ಅವರ ಮುಂದಿಟ್ಟೆ. ಮಸೂರವನ್ನೂ ಕಣ್ಣಿಗೇರಿಸಲಿಲ್ಲ. ಪಕ್ಕದಲ್ಲಿ ಹೊರಬಂದಿದ್ದ ಕೀಲಿಗುಂಡಿಯನ್ನು ಹೆಬ್ಬೆರಳಿನಿಂದ ಒಳಕ್ಕೆ ಒತ್ತಿ ವಾಪಸ್ ಕೊಟ್ಟರು. ಮುಳ್ಳು ಓಡತೊಡಗಿತು. ಎಷ್ಟು ಕೊಡಲಿ ಎಂದೆ. "ಒತ್ತಿದ್ದಕ್ಕೆಲ್ಲ ದುಡ್ಡು ಕೊಡುವುದಾದರೆ ನೀನು ನಾಳೆ ಕರೆಗಂಟೆ ಒತ್ತಿದವರಿಗೂ ಕೊಡಬೇಕಾಗುತ್ತದೆ, ಹೋಗಿ ಓದಿಕೋ" ಎಂದು ಗದರಿಸಿದರು.

ಮಳೆಬಿಲ್ಲು:
ಅವರಂಥವರು ಇನ್ನು ಸಿಗುವುದಿಲ್ಲ. 🙏

ತಾಳೆಗರಿ:
ಸೆಲ್ ಬದಲಿಸುವಾಗ ಹಳೆಯದನ್ನು ನಮ್ಮ ಕೈಗೇ ಕೊಡುತ್ತಿದ್ದರು. ಹೊಸದರ ಪೊಟ್ಟಣವನ್ನು ನಮ್ಮ ಎದುರಿಗೇ ಒಡೆಯುತ್ತಿದ್ದರು. ಬೇರೆ ಕಡೆ ಹಾಕಿಸಿದ ಸೆಲ್ ಬೇಗ ಮುಗಿಯುತ್ತಿತ್ತು, ಇವರು ಹಾಕಿದ್ದು ಬಾಳುತ್ತಿತ್ತು. ಏಕೆಂದು ಇವತ್ತಿಗೂ ಗೊತ್ತಿಲ್ಲ.

ಚಿಮಟ:
ನಾನೂ ಅದೇ ಕಸುಬಿನವನು, ಈಗ ಬಿಟ್ಟಿದ್ದೇನೆ. ತಾಳೆಗರಿಯವರೇ, ಕಾರಣ ಸರಳ. ಒಂದೇ ಅಳತೆಯಲ್ಲಿ ಎರಡು ಜಾತಿಯ ಗುಂಡಿ ಸೆಲ್ ಸಿಗುತ್ತವೆ. ಅಂಕಿಗೆ ಮೊದಲು ಎಸ್‌ಆರ್ ಎಂದಿದ್ದರೆ ಸಿಲ್ವರ್ ಆಕ್ಸೈಡ್, ಎಲ್‌ಆರ್ ಎಂದಿದ್ದರೆ ಆಲ್ಕಲೈನ್. ಮೊದಲನೆಯದು 1.55 ವೋಲ್ಟನ್ನು ಹೆಚ್ಚು ಕಡಿಮೆ ಕೊನೆಯವರೆಗೂ ಹಾಗೆಯೇ ಹಿಡಿದುಕೊಳ್ಳುತ್ತದೆ. ಎರಡನೆಯದರ ವೋಲ್ಟೇಜ್ ದಿನದಿಂದ ದಿನಕ್ಕೆ ಇಳಿಯುತ್ತದೆ, ಸೋರುವ ಭಯವೂ ಹೆಚ್ಚು. ಸೋರಿದರೆ ಒಳಗಿನ ಸರ್ಕ್ಯೂಟ್ ಹಾಳು. ಎಲ್‌ಆರ್ ಅಗ್ಗ, ಆದ್ದರಿಂದ ಅದನ್ನೇ ಹಾಕಿ ಕಳಿಸುವವರು ಬಹಳ. ಯಜಮಾನರು ಅದನ್ನು ಮುಟ್ಟುತ್ತಿರಲಿಲ್ಲ. ಒಂದೆರಡು ಸಲ ಅವರ ಬಳಿ ಬಿಡಿಭಾಗ ಕೇಳಲು ಬಂದಿದ್ದೆ, ನೋಡಿದ್ದೇನೆ.

ಒಣಮಾತು:
ಹೊಗಳಿಕೆಯೇ ಬೇಕಿಲ್ಲ ಎಂದು ಮಗಳೇ ಬರೆದಿದ್ದಾರೆ, ಆದ್ದರಿಂದ ಹೇಳುತ್ತೇನೆ. ನನ್ನ ತಂದೆಯ ಕೀಲಿ ವಾಚನ್ನು ಅವರಿಗೆ ಕೊಟ್ಟು ವರ್ಷಗಳೇ ಆದವು. ಹೋದಾಗಲೆಲ್ಲ ಒಂದೇ ಮಾತು, "ಆಗಿಲ್ಲ". ಏಕೆ ಆಗಿಲ್ಲವೆಂದರೆ ಉತ್ತರವಿಲ್ಲ, ತಲೆಯನ್ನೂ ಎತ್ತುತ್ತಿರಲಿಲ್ಲ. ಒಮ್ಮೆ ಜೋರು ಮಾಡಿದ್ದಕ್ಕೆ "ಅವಸರವಿದ್ದವರು ಹೊಸದು ಕೊಳ್ಳಬಹುದು" ಎಂದರು. ಅಪ್ಪನ ವಾಚಿಗೆ ಬದಲು ಹೊಸದು ಕೊಳ್ಳುವುದೆಂದರೇನು? ಸಿಟ್ಟು ಬಂದು ಆಮೇಲೆ ಆ ಕಡೆ ತಲೆ ಹಾಕಲಿಲ್ಲ. ಕೈಗುಣ ಇತ್ತು, ಒಪ್ಪುತ್ತೇನೆ. ಆದರೆ ಗಿರಾಕಿಯನ್ನು ಮನುಷ್ಯನೆಂದು ಕಾಣುವ ಗುಣ ನನ್ನ ಅನುಭವಕ್ಕೆ ಬರಲಿಲ್ಲ.

ಮಳೆಬಿಲ್ಲು:
ಹೋದವರ ಬಗ್ಗೆ ಹೀಗೆಲ್ಲ ಬರೆಯಬಾರದು.

ಒಣಮಾತು:
ಬದುಕಿದ್ದಾಗ ಎದುರಿಗೇ ಹೇಳಿದ ಮಾತು. ಇಂದು ಹೊಸದಾಗಿ ಹೇಳುತ್ತಿಲ್ಲ.

ಎರಡನೇ ಮಹಡಿ:
ಜಾಗ, ಹೊತ್ತು ನೋಡಿ ಮಾತನಾಡಿ ಸ್ವಾಮಿ. ಆ ಹೆಣ್ಣುಮಗಳು ದುಃಖದಲ್ಲಿದ್ದಾರೆ.

ಗಡಿಯಾರದವರ ಮಗಳು:
ಬರೆಯಲಿ ಬಿಡಿ. ಓದುತ್ತಿದ್ದಂತೆ ನನಗೆ ಅಪ್ಪ ಕಂಡದ್ದು ಇದರಲ್ಲೇ. ಶಾಲೆಯ ಶುಲ್ಕಕ್ಕೆ ಕೊನೆಯ ದಿನ ಬಂತೆಂದರೂ "ಆಗುತ್ತದೆ" ಎನ್ನುವುದು, ಅಷ್ಟೇ. ಆಗುತ್ತಿತ್ತು, ಆದರೆ ಹೇಗೆ, ಯಾವಾಗ ಎಂದು ಹೇಳುವವರಲ್ಲ. ಒಣಮಾತು ಅವರೇ, ನಿಮ್ಮ ವಾಚಿನ ಗುರುತು ತಿಳಿಸಿ. ಹುಡುಕುತ್ತೇನೆ.

ಸಮಯಪಾಲಕ:
ಅವರ ಗೋಡೆ ಗಡಿಯಾರ ಅವರು ತೀರಿಕೊಂಡ ಗಳಿಗೆಗೇ ನಿಂತಿತೆಂದು ಯಾರೋ ಹೇಳಿದರು. ನಿಜವೇ?

ಗಡಿಯಾರದವರ ಮಗಳು:
ಅಪ್ಪ ವಾರಕ್ಕೂ ಹೆಚ್ಚು ಆಸ್ಪತ್ರೆಯಲ್ಲಿದ್ದರು. ಅದು ಎಂಟು ದಿನ ಓಡುವ ಗಡಿಯಾರ, ಕೀಲಿ ಕೊಡುವವರು ಯಾರೂ ಇರಲಿಲ್ಲ. ಅವರಿಗಿಂತ ಮೊದಲೇ ನಿಂತಿತು. ಈ ಕಥೆ ಅವರ ಕಿವಿಗೆ ಬಿದ್ದಿದ್ದರೆ ಹೇಳಿದವರನ್ನು ಸುಮ್ಮನೆ ಬಿಡುತ್ತಿರಲಿಲ್ಲ.

ಸೀಮೆಸುಣ್ಣ:
ಆ ಗೋಡೆ ಗಡಿಯಾರದ ಬಗ್ಗೆ ನನ್ನದೂ ಒಂದು ಮಾತು. ನಾನು ವಿಜ್ಞಾನದ ಶಿಕ್ಷಕಿ. ಲೋಲಕದ ಪಾಠ ಬಂದಾಗ ಮಕ್ಕಳನ್ನು ಅವರ ಮೇಜಿನ ಬಳಿಗೇ ಕರೆದೊಯ್ಯುತ್ತಿದ್ದೆ. ಗಡಿಯಾರ ಹಿಂದೆ ಬಿದ್ದರೆ ಏನು ಮಾಡಬೇಕೆಂದು ಮಕ್ಕಳನ್ನೇ ಕೇಳುವರು. ಎಲ್ಲರೂ "ಮುಳ್ಳು ಮುಂದೆ ತಳ್ಳಬೇಕು" ಎನ್ನುವರು. ಅವರು ಲೋಲಕದ ಕೆಳಗಿನ ತಿರುಪನ್ನು ತಿರುಗಿಸಿ ಗುಂಡನ್ನು ಕೂದಲೆಳೆಯಷ್ಟು ಮೇಲೇರಿಸಿ, "ಮುಳ್ಳು ತಳ್ಳಿದರೆ ಇವತ್ತಿಗೆ ಸರಿಯಾಗುತ್ತದೆ, ಇದನ್ನು ಏರಿಸಿದರೆ ನಾಳೆಗೂ ಸರಿಯಾಗಿರುತ್ತದೆ" ಎನ್ನುವರು. ಒಂದು ಕಡೆಗೆ ತೂಗಲು ಸರಿಯಾಗಿ ಒಂದು ಸೆಕೆಂಡ್ ಹಿಡಿಯುವ ಲೋಲಕದ ಉದ್ದ ಸುಮಾರು 99.4 ಸೆಂಟಿಮೀಟರ್. ಅದಕ್ಕೆಂದೇ ದಾರಕ್ಕೆ ಗುಂಡು ಕಟ್ಟಿ ಇಟ್ಟಿದ್ದರು. ಸೂತ್ರ ಬರೆದು ತೋರಿಸಿದವರಲ್ಲ. ಆದರೆ ಅರ್ಧ ಸೆಕೆಂಡಿನ ಲೋಲಕ ಬೇಕೆಂದರೆ ದಾರವನ್ನು ಅರ್ಧಕ್ಕಲ್ಲ, ಕಾಲು ಭಾಗಕ್ಕೆ ಮಡಿಸಿ ತೋರಿಸುತ್ತಿದ್ದರು. ನನ್ನ ತರಗತಿಯಲ್ಲಿ ವರ್ಗಮೂಲ ಹಾಗೆ ಮಕ್ಕಳ ತಲೆಗೆ ಇಳಿದದ್ದು ಬೇರೆ ಯಾವಾಗಲೂ ಇಲ್ಲ.

ಸಮಯಪಾಲಕ:
99.4 ಎಲ್ಲ ಕಡೆಗೂ ಒಂದೇ ಅಲ್ಲ. ಗುರುತ್ವ ಬದಲಾದರೆ ಅದೂ ಬದಲಾಗುತ್ತದೆ. 1672ರಲ್ಲಿ ಝಾನ್ ರಿಶೆ ಎಂಬ ಫ್ರೆಂಚ್ ಖಗೋಳಜ್ಞ ಪ್ಯಾರಿಸ್ಸಿನ ಲೆಕ್ಕಕ್ಕೆ ಹೊಂದಿಸಿದ ಲೋಲಕವನ್ನು ಭೂಮಧ್ಯರೇಖೆಯ ಸಮೀಪದ ಕಯೆನ್‌ಗೆ ಒಯ್ದಾಗ ಗಡಿಯಾರ ದಿನಕ್ಕೆ ಸುಮಾರು ಎರಡೂವರೆ ನಿಮಿಷ ಹಿಂದೆ ಬೀಳತೊಡಗಿತು. ಲೋಲಕವನ್ನು ಗಿಡ್ಡ ಮಾಡಬೇಕಾಯಿತು.

ಸೀಮೆಸುಣ್ಣ:
"ಸುಮಾರು" ಎಂದೇ ಬರೆದಿದ್ದೇನೆ. ಕಯೆನ್‌ವರೆಗೆ ಹೋಗುವ ಮೊದಲು ಅದನ್ನೊಮ್ಮೆ ಓದಬಹುದಿತ್ತು.

ಹಳೆ ರೇಡಿಯೊ:
ನನ್ನ ಕೀಲಿ ವಾಚು ಇದ್ದಕ್ಕಿದ್ದಂತೆ ದಿನಕ್ಕೆ ಹಲವು ನಿಮಿಷ ಮುಂದೆ ಓಡತೊಡಗಿತ್ತು. ಒಂದು ಕಡೆ ತೋರಿಸಿದರೆ ಪೂರ್ತಿ ಬಿಚ್ಚಬೇಕು, ಹೊಸ ಭಾಗ ಹಾಕಬೇಕು ಎಂದರು. ಇವರ ಬಳಿ ಒಯ್ದೆ. ಒಂದು ದಿಕ್ಸೂಚಿಯನ್ನು ವಾಚಿನ ಪಕ್ಕ ಹಿಡಿದರು. ಸೂಜಿ ಅಲುಗಾಡಿತು. ವಾಚಿಗೆ ಅಯಸ್ಕಾಂತ ಹತ್ತಿದೆಯಂತೆ. ನನ್ನ ಮೊಬೈಲ್ ಕವಚ ನೋಡಿ "ಇದೇ ಕಳ್ಳ" ಎಂದರು, ಅದರ ಮುಚ್ಚಳದಲ್ಲಿ ಅಯಸ್ಕಾಂತವಿತ್ತು. ಒಂದು ಸುರುಳಿ ಯಂತ್ರದೊಳಗೆ ವಾಚನ್ನು ಹಾಯಿಸಿ ಹೊರತೆಗೆದರು, ಅಷ್ಟೇ ಕೆಲಸ.

ಚಿಮಟ:
ವಾಚಿನೊಳಗೆ ತೂಗುವ ಚಕ್ರಕ್ಕೆ ಕೂದಲಿನಂಥ ಒಂದು ಸ್ಪ್ರಿಂಗ್ ಇರುತ್ತದೆ. ಅದರ ಸುತ್ತುಗಳು ಅಯಸ್ಕಾಂತದಿಂದ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಸ್ಪ್ರಿಂಗ್ ಗಿಡ್ಡವಾದಂತೆ ಆಗಿ ಚಕ್ರ ಬೇಗ ಬೇಗ ತೂಗುತ್ತದೆ. ವಾಚು ಏಕಾಏಕಿ ಮುಂದೆ ಓಡಿದರೆ ಮೊದಲ ಅನುಮಾನ ಅದರ ಮೇಲೇ ಹೋಗಬೇಕು.

ಮುತ್ತಿನಹಾರ:
ನಮ್ಮ ಮಾವ ಕೀಲಿ ಜಾಸ್ತಿ ಕೊಟ್ಟು ವಾಚು ಕೆಡಿಸಿಕೊಂಡಿದ್ದರು. ಯಜಮಾನರು ಸರಿ ಮಾಡಿಕೊಟ್ಟರು.

ಚಿಮಟ:
ಕೀಲಿ ಜಾಸ್ತಿಯಾಗಿ ವಾಚು ಕೆಡುವುದಿಲ್ಲ. ಪೂರ್ತಿ ಕೀಲಿ ಕೊಟ್ಟ ಸ್ಥಿತಿಯೇ ಅದಕ್ಕೆ ಸಹಜ. ಎಣ್ಣೆ ಒಣಗಿ ನಿಂತ ವಾಚಿಗೆ ಜನ ಮತ್ತೆ ಮತ್ತೆ ಕೀಲಿ ಕೊಡುತ್ತಾರೆ, ಕೊನೆಗೆ ಗುಂಡಿ ತಿರುಗುವುದಿಲ್ಲ, ಆಗ ತಪ್ಪೆಲ್ಲ ಕೀಲಿಯ ಮೇಲೆ. ತಡೆದ ಮೇಲೂ ಬಲವಂತ ಮಾಡಿದರೆ ಮುರಿಯಬಹುದು, ಅದು ಬೇರೆ ಮಾತು.

ಮುತ್ತಿನಹಾರ:
ಮಾವ ಬಲವಂತವನ್ನೂ ಮಾಡುವವರೇ.

ಚಿಮಟ:
ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ತಂಗೀ, ಆ ವಾಚುಗಳನ್ನು ಮಾರಬೇಡಿ, ಹಂಚಲೂ ಬೇಡಿ. ರಿಪೇರಿಗೆ ಬಂದ ವಸ್ತು ಕೊಟ್ಟವರದೇ. ನಿಮಗೆ ಉಳಿಯುವುದು ಕೂಲಿ ಬಾಕಿ ಕೇಳುವ ಹಕ್ಕು ಮಾತ್ರ.

ಮಾಲೀಕರನ್ನು ಹುಡುಕಲು ಒಂದು ದಾರಿ ಇದೆ. ನಮ್ಮ ಕಸುಬಿನವರು ವಾಚು ಬಿಚ್ಚಿದಾಗ ಹಿಂಬದಿ ಮುಚ್ಚಳದ ಒಳಮೈಯಲ್ಲಿ ಸೂಜಿಮೊನೆಯಿಂದ ಸಣ್ಣ ಗುರುತು ಕೆತ್ತುವುದುಂಟು. ಒಬ್ಬೊಬ್ಬರದು ಒಂದೊಂದು ಬಗೆ. ಅಂಕಿ, ಅಕ್ಷರ, ತಿಂಗಳು, ವರ್ಷ ಏನೂ ಇರಬಹುದು. ಅದೇ ವಾಚು ತಿರುಗಿ ಬಂದರೆ, ಇದನ್ನು ನಾನೇ ಮಾಡಿದ್ದೆನೇ, ಯಾವಾಗ, ಗಿರಾಕಿ ಹೇಳುವ ಗಡುವು ನಿಜವೇ ಎಂದು ಒಂದೇ ನೋಟಕ್ಕೆ ತಿಳಿಯುತ್ತದೆ. ಪುಸ್ತಕದಲ್ಲಿ "ಬರೀ ಅಂಕಿ" ಇದೆ ಎಂದಿರಲ್ಲ, ಆ ಅಂಕಿಗಳು ಮುಚ್ಚಳದೊಳಗೂ ಇರಬಹುದು. ಒಬ್ಬ ಬಲ್ಲವರಿಂದ ಒಂದೆರಡನ್ನು ತೆರೆಸಿ ಹೋಲಿಸಿ ನೋಡಿ. ನೀವೇ ಚಾಕು ಹಾಕಿ ಎಬ್ಬಿಸಬೇಡಿ.

ಸಂಗ್ರಾಹಕ:
ಈ ಕೆತ್ತುವ ಅಭ್ಯಾಸವನ್ನು ನಾನು ಒಪ್ಪುವುದಿಲ್ಲ. ಇನ್ನೊಬ್ಬರ ವಸ್ತುವಿನ ಮೇಲೆ ಗೀರು ಹಾಕಲು ಇವರಿಗೆ ಅಧಿಕಾರ ಕೊಟ್ಟವರಾರು? ಹಳೆಯ ವಾಚಿನ ಮುಚ್ಚಳದೊಳಗೆ ನಾಲ್ಕು ಕಡೆ ಗೀಚಿದ್ದರೆ ಕೊಳ್ಳುವಾಗ ಮನಸ್ಸು ಹಿಂದೆಗೆಯುತ್ತದೆ. ಈಗ ಕಂಪ್ಯೂಟರ್ ಇದೆ, ಕಾಗದ ಇದೆ.

ಚಿಮಟ:
ಕಾಗದ ಕಳೆದುಹೋಗುತ್ತದೆ ಎಂಬುದಕ್ಕೆ ಈ ಚರ್ಚೆಯೇ ಸಾಕ್ಷಿ. ಮುಚ್ಚಳ ವಾಚಿನ ಜೊತೆಗೇ ಇರುತ್ತದೆ.

ಸಂಗ್ರಾಹಕ:
ಆದರೂ ಗೀರು ಗೀರೇ.

ತಾಳೆಗರಿ:
ನನಗಂತೂ ಅಂಥ ಗೀರಿರುವ ವಾಚೇ ಇಷ್ಟ. ಅದು ಯಾರಿಗೋ ಬೇಕಾಗಿತ್ತು, ಮತ್ತೆ ಮತ್ತೆ ಸರಿ ಮಾಡಿಸಿದ್ದಾರೆ ಎಂದಲ್ಲವೇ ಅರ್ಥ?

ಸಂಗ್ರಾಹಕ:
ಮತ್ತೆ ಮತ್ತೆ ಕೆಟ್ಟಿದೆ ಎಂದೂ ಅರ್ಥ.

ಪುಟ್ಟಿಯ ಅಮ್ಮ:
ವಿಷಯ ಬಿಟ್ಟು ಕೇಳುತ್ತಿದ್ದೇನೆ, ಕ್ಷಮಿಸಿ. ಮಗಳ ಪ್ರಶ್ನೆ: ಜಾಹೀರಾತಿನ ವಾಚುಗಳೆಲ್ಲ 10 ಗಂಟೆ 10 ನಿಮಿಷವನ್ನೇ ಏಕೆ ತೋರಿಸುತ್ತವೆ? ವಾಚು ಕಂಡುಹಿಡಿದವನು ಸತ್ತ ಹೊತ್ತು ಅದೆಂದು ಶಾಲೆಯಲ್ಲಿ ಹೇಳಿದರಂತೆ.

ಸಮಯಪಾಲಕ:
ಶುದ್ಧ ಕಟ್ಟುಕಥೆ. ವಾಚನ್ನು ಕಂಡುಹಿಡಿದವನು ಒಬ್ಬನೇ ಅಲ್ಲ, ಅಂದಮೇಲೆ ಯಾರ ಸಾವಿನ ಹೊತ್ತು? ಮುಳ್ಳುಗಳು ಎರಡೂ ಬದಿಗೆ ಸಮನಾಗಿ ನಿಂತು ನಡುವಿನ ಕಂಪನಿಯ ಹೆಸರು ಕಾಣಿಸಲೆಂದು ಹಾಗಿಡುತ್ತಾರೆ. ಹಳೆಯ ಜಾಹೀರಾತುಗಳಲ್ಲಿ 8 ಗಂಟೆ 20 ನಿಮಿಷವೂ ಬಹಳ ಕಾಣುತ್ತಿತ್ತು.

ಎರಡನೇ ಮಹಡಿ:
ಲಿಂಕನ್ ಸತ್ತ ಸಮಯವೆಂದೂ ಕೇಳಿದ್ದೇನೆ.

ಸಮಯಪಾಲಕ:
ಗುಂಡು ಬಿದ್ದದ್ದು ರಾತ್ರಿ ಹತ್ತು ಗಂಟೆಯ ನಂತರ, ಸತ್ತದ್ದು ಮರುದಿನ ಬೆಳಿಗ್ಗೆ 7 ಗಂಟೆ 22 ನಿಮಿಷಕ್ಕೆ. ಹೊಂದುವುದಿಲ್ಲ.

ಗಡಿಯಾರದವರ ಮಗಳು:
ಚಿಮಟ ಅವರೇ, ನೀವು ಹೇಳಿದಂತೆಯೇ ಆಯಿತು! ಅಪ್ಪನ ಪರಿಚಯದ ಇನ್ನೊಬ್ಬ ರಿಪೇರಿಯವರು ಬಂದು ಕೆಲವು ಮುಚ್ಚಳ ತೆರೆದರು. ಒಳಗೆ ಒಂದು ಚುಕ್ಕೆ, ಪಕ್ಕದಲ್ಲಿ ಅಂಕಿ. ಅದೇ ಅಂಕಿ ಪುಸ್ತಕದಲ್ಲೂ ಇದೆ, ಅದರ ಮುಂದೆ ಒಂದೋ ಹೆಸರಿನ ಮೊದಲಕ್ಷರ, ಇಲ್ಲವೇ ಗುರುತು: "ಹಾಲಿನವರು", "ಕನ್ನಡಕದ ಹುಡುಗ", "ಜಗಳದ ಟೀಚರ್".

ಕೆಲವಕ್ಕೆ ಎರಡು ಮೂರು ಚುಕ್ಕೆಗಳಿವೆ. ಎಷ್ಟು ಸಲ ಬಂದಿತ್ತೋ ಅಷ್ಟು ಚುಕ್ಕೆ ಎಂದು ಆ ರಿಪೇರಿಯವರ ಊಹೆ. ಪುಸ್ತಕವೂ ಹಾಗೆಯೇ ಹೇಳುತ್ತದೆ. ಮನೆಯಲ್ಲಿ ನಮ್ಮ ಹುಟ್ಟಿದ ದಿನ ನೆನಪಿರದ ಮನುಷ್ಯ ಇಷ್ಟೆಲ್ಲ ಬರೆದಿಟ್ಟಿದ್ದಾರೆ. ನಗಬೇಕೋ ಸಿಟ್ಟು ಮಾಡಿಕೊಳ್ಳಬೇಕೋ ಗೊತ್ತಾಗುತ್ತಿಲ್ಲ.

ಸೀಮೆಸುಣ್ಣ:
"ಜಗಳದ ಟೀಚರ್" ಯಾರು ಎಂದು ಯಾರೂ ಕೇಳಬೇಡಿ.

ಎರಡನೇ ಮಹಡಿ:
😂 ಕೇಳುವುದಿಲ್ಲ, ಗೊತ್ತಾಯಿತು.

ಚಿಮಟ:
ಇನ್ನೊಂದು ಎಚ್ಚರಿಕೆ, ಇದು ತಮಾಷೆಯದಲ್ಲ. ಆ ಖಾನೆಗಳಲ್ಲಿ ಬಹಳ ಹಳೆಯ, ಕತ್ತಲಲ್ಲಿ ಹೊಳೆಯುವ ಮುಳ್ಳು ಅಂಕಿಗಳಿದ್ದ ವಾಚು, ಅಲಾರಂ ಗಡಿಯಾರಗಳಿದ್ದರೆ ಅವುಗಳ ಗಾಜು ತೆಗೆಯಬೇಡಿ, ಬಣ್ಣ ಕೆರೆಯಬೇಡಿ, ಪುಡಿ ಉದುರಿದ್ದರೆ ಊದಬೇಡಿ. 1960ರ ದಶಕದವರೆಗೂ ಆ ಬಣ್ಣಕ್ಕೆ ರೇಡಿಯಂ ಹಾಕುತ್ತಿದ್ದುದುಂಟು. ಈಗ ಹೊಳೆಯುವುದಿಲ್ಲವಲ್ಲ ಎಂದುಕೊಳ್ಳಬೇಡಿ. ಸತ್ತಿರುವುದು ಹೊಳೆಯುವ ಪದಾರ್ಥ. ರೇಡಿಯಂ ಅರ್ಧಕ್ಕಿಳಿಯಲು ಸುಮಾರು 1600 ವರ್ಷ ಬೇಕು. ಮುಚ್ಚಿದ ವಾಚಿನಿಂದ ಅಂಥ ಭಯವಿಲ್ಲ, ಪುಡಿ ಮೂಗು ಬಾಯಿಗೆ ಹೋಗಬಾರದು. ಮಕ್ಕಳ ಕೈಗೆ ಆಡಲು ಕೊಡಬೇಡಿ.

ಗಡಿಯಾರದವರ ಮಗಳು:
ಅಂಥವು ಒಂದು ಡಬ್ಬಿಯಲ್ಲಿ ಬೇರೆಯಾಗಿಯೇ ಇವೆ. ಮುಚ್ಚಳದ ಮೇಲೆ ಅಪ್ಪನ ಕೈಬರಹ: "ಮುಟ್ಟಬೇಡ". ಚಿಕ್ಕಂದಿನಲ್ಲಿ ಈ ಡಬ್ಬಿಗಾಗಿಯೇ ನಾನು ಏಟು ತಿಂದದ್ದು. ಈಗ ಕಾರಣ ತಿಳಿಯಿತು.

ಒಣಮಾತು:
ನನ್ನ ವಾಚಿನ ಗುರುತು: ಬಿಳಿ ಡಯಲ್, ಸೆಕೆಂಡಿನ ಮುಳ್ಳು ಆರರ ಅಂಕಿಯ ಮೇಲೆ ಪುಟ್ಟ ವೃತ್ತದೊಳಗೆ ಬೇರೆ, ಹಿಂಬದಿಯಲ್ಲಿ ಅಪ್ಪನ ಹೆಸರಿನ ಎರಡು ಅಕ್ಷರ. ಸಿಗುತ್ತದೆಂಬ ನಂಬಿಕೆ ಇಲ್ಲ.

ಗಡಿಯಾರದವರ ಮಗಳು:
ಒಣಮಾತು ಅವರೇ, ಸಿಕ್ಕಿದೆ. ಲಕೋಟೆಯೊಳಗೆ ವಾಚು ಒಂದು ಕಡೆ, ಅದರ ಒಂದು ಚಕ್ರ ಬೇರೆ ಪೊಟ್ಟಣದಲ್ಲಿ. ಚೀಟಿಯಲ್ಲಿ ಇರುವುದು: "ಅಚ್ಚು ಮುರಿದಿದೆ. ಹೊಂದುವುದು ಸಿಕ್ಕಿಲ್ಲ. ಬೇರೆಯದು ಉಜ್ಜಿ ಕೂರಿಸಬಾರದು." ಕೆಳಗೆ ಬೇರೆ ಬೇರೆ ಶಾಯಿಯಲ್ಲಿ ಊರುಗಳ ಹೆಸರು ಬರೆದು ಹೊಡೆದು ಹಾಕಿದ್ದಾರೆ. ಅಲ್ಲೆಲ್ಲ ವಿಚಾರಿಸಿರಬೇಕು.

ಚಿಮಟ:
ಅದು ತೂಗುವ ಚಕ್ರದ ಅಚ್ಚು, ಅಂದರೆ ಚಕ್ರದ ನಡುವಿನ ಸಣ್ಣ ಕಡ್ಡಿ. ತುದಿ ಸುಮಾರು ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು ದಪ್ಪ. ಇನ್ಕಾಬ್ಲಾಕ್‌ನಂಥ ಆಘಾತ ತಡೆಯುವ ಏರ್ಪಾಡು ಬಂದದ್ದು 1930ರ ದಶಕದಲ್ಲಿ, ಆಮೇಲೂ ಎಷ್ಟೋ ವಾಚುಗಳಿಗೆ ಅದು ಇರಲಿಲ್ಲ. ಅಂಥವು ಕೈಜಾರಿ ಬಿದ್ದರೆ ಮೊದಲು ಮುರಿಯುವುದು ಇದೇ. ಸಮೀಪದ ಅಳತೆಯ ಅಚ್ಚನ್ನು ಉಜ್ಜಿ ಕೂರಿಸಿ ಓಡಿಸಿ ಕೊಡಬಹುದು. ಕೆಲವು ತಿಂಗಳು ಓಡುತ್ತದೆ, ಆಮೇಲೆ ಅಚ್ಚಿನ ತುದಿ ಕೂರುವ ಕುಳಿಯ ಹರಳೂ ಒಡೆಯುತ್ತದೆ. ಎಷ್ಟೋ ಜನ ಹಾಗೆ ಮಾಡಿ ಕೈತೊಳೆದುಕೊಳ್ಳುತ್ತಾರೆ. ಅವರು ಮಾಡಲಿಲ್ಲ.

ಒಣಮಾತು:
ಸರಿ. ಇಷ್ಟನ್ನು ನನಗೆ ಬಾಯಿಬಿಟ್ಟು ಹೇಳಲು ಏನು ಅಡ್ಡಿಯಿತ್ತು? ಎರಡು ವಾಕ್ಯ. ಹೇಳಿದ್ದರೆ ನಾನೂ ನಾಲ್ಕು ಕಡೆ ಹುಡುಕುತ್ತಿದ್ದೆ. ಚೀಟಿಗೆ ಹೇಳಿದ್ದನ್ನು ಗಿರಾಕಿಗೆ ಹೇಳಲಿಲ್ಲ.

ತಾಳೆಗರಿ:
ಆಗಲಿಲ್ಲ ಎನ್ನುವುದು ಅಂಥವರಿಗೆ ನಾಚಿಕೆಯ ಮಾತು. ಅದಕ್ಕೇ ಹೇಳಿರಲಿಕ್ಕಿಲ್ಲ.

ಒಣಮಾತು:
ಇರಬಹುದು. ಕಾದವನು ನಾನು.

ಹಳೆ ರೇಡಿಯೊ:
ಬೀದಿಗೆ ಅವರ ಹೆಸರಿಡಬೇಕೆಂದು ಸಭೆಯಲ್ಲಿ ಕೇಳೋಣವೇ?

ಮುತ್ತಿನಹಾರ:
ಫಲಕ, ಹಾರ, ಭಾಷಣ ಆಮೇಲೆ ನೋಡಿಕೊಳ್ಳಬಹುದು. ಮೊದಲು ಕೂಲಿ ಬಾಕಿ ಇಟ್ಟವರು ತಂದು ಕೊಡಲಿ.

ಎರಡನೇ ಮಹಡಿ:
ಇದು ಸರಿಯಾದ ಮಾತು.

ಗಡಿಯಾರದವರ ಮಗಳು:
ಸಭೆಯಲ್ಲಿ ನಾನು ಭಾಷಣ ಮಾಡುವುದಿಲ್ಲ. ಅವರ ಪುಸ್ತಕದ ಕೆಲವು ಸಾಲುಗಳನ್ನು ಓದುತ್ತೇನೆ, ಒಣಮಾತು ಅವರ ಚೀಟಿಯನ್ನೂ, ಅವರು ಒಪ್ಪಿದರೆ.

ಒಣಮಾತು:
ಓದಿ. ಬರುತ್ತೇನೆ. ಕೊನೆಯಲ್ಲಿ ವಾಚು ನನಗೆ ಬೇಕು, ಓಡದಿದ್ದರೂ. ಚಿಮಟ ಅವರೇ, ಆ ಅಚ್ಚನ್ನು ಹೊಸದಾಗಿ ಕಡೆದು ಮಾಡಿಕೊಡುವವರು ಇದ್ದಾರೆಯೇ?

ಚಿಮಟ:
ಸಣ್ಣ ಲೇತ್ ಇದ್ದು ಕೈ ನಡುಗದವರು ಮಾಡಬಲ್ಲರು. ನನ್ನ ಕೈ ಈಗ ನಡುಗುತ್ತದೆ, ಮಾಡುವವರನ್ನು ಬಲ್ಲೆ. ಚಕ್ರ, ಮುರಿದ ಅಚ್ಚು ಎರಡನ್ನೂ ಭಾನುವಾರ ತನ್ನಿ. ಮುರಿದ ತುಂಡನ್ನು ಎಸೆಯಬೇಡಿ, ಅಳತೆ ಅದರಿಂದಲೇ ತೆಗೆಯಬೇಕು.

ಗಡಿಯಾರದವರ ಮಗಳು:
ಉಳಿದವರಿಗೆ: ವಾಚುಗಳ ಚಿತ್ರ ಹಾಕುವುದಿಲ್ಲ. ನಿಮ್ಮದರ ಗುರುತು ನೀವೇ ಹೇಳಬೇಕು, ಪುಸ್ತಕದೊಂದಿಗೆ ತಾಳೆಯಾದರೆ ಕೊಡುತ್ತೇನೆ.

ನಿಧಾನ:
ನಮಸ್ಕಾರ, ಈಗಷ್ಟೇ ಓದಿದೆ. ನನ್ನದೂ ಒಂದಿದೆ. ಚಿನ್ನದ ಬಣ್ಣ, ದುಂಡಗಿನ ಡಯಲ್, ಕಪ್ಪು ಬೆಲ್ಟು.

ಗಡಿಯಾರದವರ ಮಗಳು:
ಅಂಥವು ಒಂದು ಖಾನೆ ತುಂಬ ಇವೆ. ಇನ್ನೇನಾದರೂ?

ನಿಧಾನ:
ಓಡುತ್ತಿರಲಿಲ್ಲ.